ಕೋಳಿ ಕಾಯಿಲೆ ಮತ್ತು ಒಂದು ಹನಿ ರಕ್ತ
(ಬೆಳ್ಳಿಹಬ್ಬದ ಸಭೆಯಲ್ಲಿ ಸಂಘದ ನಿರ್ದೇಶಕರೊಬ್ಬರು ಆಡಿದ ಮಾತು)



ಬೆಳ್ಳಿಹಬ್ಬದ ದಿನ ಸಂತೋಷದ ಮಾತು ಆಡಬೇಕು, ನಿಜ. ಆದರೂ ನನ್ನಿಂದ ಆದ ಒಂದು ತಪ್ಪನ್ನು ಇವತ್ತು ನಿಮ್ಮ ಮುಂದೆ ಹೇಳಿಬಿಡುತ್ತೇನೆ. ನಾನು ಎಸ್.ಎಸ್.ಎಲ್.ಸಿ. ಓದಿದವನು, ಡಾಕ್ಟರಲ್ಲ. ಅನುಭವದಿಂದ ಕಲಿತದ್ದು ಇದು.

ಹಿಂದೆ ಕೆಲವು ಸದಸ್ಯರು ನಮ್ಮ ಮನೆಯಿಂದ ಕಾವಿಗೆ ಅಂತ ಕೋಳಿಮೊಟ್ಟೆ ತಗೊಂಡು ಹೋಗಿದ್ದರು. ಹುಟ್ಟಿದ ಮರಿಗಳು ಎರಡು ವಾರದೊಳಗೆ ಬಿಳಿ ಬೇದಿ ಮಾಡಿಕೊಂಡು ಸತ್ತವು. ಎಲ್ಲರೂ ಕೊಕ್ಕರೆ ರೋಗ ಅಂದರು. ನಾನೂ ಹೂಂ ಅಂದೆ. ನನ್ನ ಕೋಳಿಗಳು ಚೆನ್ನಾಗಿಯೇ ಮೇಯುತ್ತಿದ್ದವಲ್ಲ! ಸಂಘದ ಕೆಲಸದ ಮೇಲೆ ಚಾಮರಾಜಪೇಟೆಯ ಅಪೆಕ್ಸ್ ಬ್ಯಾಂಕಿಗೆ ಹೋಗುವ ದಿನ, ಸತ್ತ ಮರಿಗಳನ್ನು ಐಸ್ ಡಬ್ಬಿಯಲ್ಲಿಟ್ಟುಕೊಂಡು ಮೊದಲು ಹೆಬ್ಬಾಳದ ಪಶು ಆರೋಗ್ಯ ಮತ್ತು ಪಶುವೈದ್ಯಕೀಯ ಜೈವಿಕ ಸಂಸ್ಥೆಗೆ ಕೊಟ್ಟೆ. 1925ರಲ್ಲಿ ದನಗಳ ದೊಡ್ಡರೋಗಕ್ಕೆ ಸೀರಂ ತಯಾರಿಸಲು ಶುರುವಾದ ಸಂಸ್ಥೆ ಅದು. ಮರಿಗಳಲ್ಲಿ ಸಾಲ್ಮೊನೆಲ್ಲಾ ಪುಲ್ಲೋರಂ ಎಂಬ ಬ್ಯಾಕ್ಟೀರಿಯಾ ಸಿಕ್ಕಿತು. ಇದು ತಾಯಿಕೋಳಿಯಿಂದ ಮೊಟ್ಟೆಯೊಳಗೇ ಮರಿಗೆ ಬರುತ್ತದೆ. ತಾಯಿ ಮಾತ್ರ ಗುಂಡುಕಲ್ಲಿನ ಹಾಗೆ ಇರುತ್ತದೆ.

ಹಾಗಾದರೆ ಯಾವ ಕೋಳಿ ಅಂತ ತಿಳಿಯುವುದು ಹೇಗೆ? ರೋಗಾಣು ಹೊಕ್ಕರೆ ಮೈಯಲ್ಲಿ ಅದನ್ನು ಎದುರಿಸುವ ಪ್ರತಿಕಾಯಗಳು ಹುಟ್ಟುತ್ತವೆ. ಬಿಳಿ ಟೈಲಿನ ಮೇಲೆ, ಬಣ್ಣ ಹಾಕಿದ ಸತ್ತ ರೋಗಾಣುಗಳ ದ್ರಾವಣ ಒಂದು ಹನಿ, ಕೋಳಿಯ ರೆಕ್ಕೆಯಿಂದ ತೆಗೆದ ರಕ್ತ ಒಂದು ಹನಿ ಬೆರೆಸಿ ಅಲುಗಾಡಿಸುತ್ತಾರೆ. ಪ್ರತಿಕಾಯ ಇದ್ದರೆ ಎರಡು ನಿಮಿಷದೊಳಗೆ ಒಡೆದ ಹಾಲಿನ ಹಾಗೆ ಚೂರು ಚೂರಾಗುತ್ತದೆ. ನಮಗೆ ಟೈಫಾಯಿಡ್ ಅನುಮಾನ ಬಂದಾಗ ಮಾಡುವ ವಿಡಾಲ್ ಪರೀಕ್ಷೆಯೂ ಇದೇ ಜಾತಿಯದು, 1896ರಷ್ಟು ಹಳೆಯದು. ಕೋಳಿಗೆ ಇದನ್ನು 1913ರಲ್ಲಿ ಅಮೆರಿಕದಲ್ಲಿ ಬಳಸಿದರು.

ಪಶುವೈದ್ಯರು ಬಂದು ನೋಡಿದಾಗ ನನ್ನ ಐದು ಕೋಳಿಗಳ ರಕ್ತ ಒಡೆಯಿತು. "ಸಂತೆಗೆ ಹಾಕಿಬಿಡಣ್ಣ, ಯಾರಿಗೆ ಗೊತ್ತಾಗುತ್ತೆ" ಅಂದರು ಒಬ್ಬರು. ಸಂತೆಯಲ್ಲಿ ಕೊಳ್ಳುವವನೂ ನಮ್ಮಂಥ ರೈತನೇ ಅಲ್ಲವೇ? ಡಾಕ್ಟರ ಮಾತಿನಂತೆ ಐದನ್ನೂ ಗುಂಡಿ ತೋಡಿ, ಸುಣ್ಣ ಹಾಕಿ ಹೂಳಿಸಿದೆ. ಔಷಧಿ ಕೊಟ್ಟರೆ ಮರಿ ಸಾಯುವುದು ಕಡಿಮೆಯಾಗಬಹುದು, ಆದರೆ ರೋಗ ಹೊತ್ತ ಕೋಳಿ ಪೂರ್ತಿ ಶುದ್ಧವಾಗುವುದಿಲ್ಲ. ಮನಬಂದಂತೆ ಆಂಟಿಬಯೋಟಿಕ್ ಹಾಕುವುದೂ ಅಪಾಯ. ಕೊಲಿಸ್ಟಿನ್ ಎಂಬ ಔಷಧಿಯನ್ನು ಕೋಳಿಗೆ ಕೊಡಬಾರದೆಂದು ಕೇಂದ್ರ ಸರ್ಕಾರ 2019ರಲ್ಲಿ ನಿಷೇಧಿಸಿತು.

ಒಂದು ಎಚ್ಚರಿಕೆ. ಪ್ರತಿಕಾಯ ಹುಟ್ಟಲು ಕೆಲವು ದಿನ ಬೇಕು. ನಿನ್ನೆ ಅಂಟಿದ್ದು ಇವತ್ತು ಕಾಣಿಸುವುದಿಲ್ಲ. ಆದ್ದರಿಂದ ಮೂರು ನಾಲ್ಕು ವಾರ ಬಿಟ್ಟು ಮತ್ತೆ ನೋಡಿಸಬೇಕು. ಬೇರೆ ರೋಗಾಣುವಿನಿಂದಲೂ, ಲಸಿಕೆಯಿಂದಲೂ ರಕ್ತ ಒಡೆಯಬಹುದು. ಅನುಮಾನವಿದ್ದರೆ ಲ್ಯಾಬಿನಲ್ಲೇ ಖಚಿತವಾಗಬೇಕು.

ನನ್ನ ಮೊಟ್ಟೆಯಿಂದ ನಷ್ಟವಾದವರು ಕ್ಷಮಿಸಬೇಕು. ಇನ್ನು ಮುಂದೆ ಪರೀಕ್ಷೆ ಮಾಡಿಸದ ಕೋಳಿಯ ಮೊಟ್ಟೆಯನ್ನು ಕಾವಿಗೆ ಕೊಡಬಾರದು, ತಗೋಬಾರದು ಎಂದು ಮಹಾಸಭೆ ಠರಾವು ಮಾಡಲಿ ಎಂದು ಕೇಳಿಕೊಂಡು ನನ್ನ ಎರಡು ಮಾತು ಮುಗಿಸುತ್ತೇನೆ.

ಜೈ ಹಿಂದ್, ಜೈ ಸಹಕಾರ.