ನಾಳೆ ನಾನಿಲ್ಲ ಅಂದ್ರೆ ನನ್ನ ಬಿಟ್‌ಕಾಯಿನ್ ಯಾರಿಗೆ?

ಇವತ್ತಿನದ್ದು ಹಣದ ವಿಷಯವೇ. ಆದರೆ ಯಾವ ಕಾಯಿನ್ ತಗೋಬೇಕು, ಯಾವುದು ಏರುತ್ತೆ ಅಂತ ನಾನು ಹೇಳೋದಿಲ್ಲ. ಗೊತ್ತಿದ್ದಿದ್ರೆ ನಾನು ಇಲ್ಲಿ ಮೈಕ್ ಮುಂದೆ ಕೂತಿರ್ತಿರಲಿಲ್ಲ. ಇವತ್ತಿನ ಪ್ರಶ್ನೆ ಬೇರೆ. ನಿಮ್ಮ ಹತ್ರ ಒಂದಿಷ್ಟು ಕ್ರಿಪ್ಟೊ ಇದೆ, ನಾಳೆ ನೀವಿಲ್ಲ. ಅದು ಮನೆಯವರಿಗೆ ಸಿಗುತ್ತಾ?

"ಬಿಡ್ತು ಅನ್ನು" ಅಂತ ಸ್ಕಿಪ್ ಮಾಡ್ಬೇಡಿ. ನನ್ನ ಸ್ನೇಹಿತನ ಮನೆಯಲ್ಲಿ ನಡೆದದ್ದನ್ನೇ ಹೇಳ್ತೀನಿ. ಅದರಲ್ಲಿ ನನ್ನ ತಪ್ಪೂ ಇದೆ.

ನಾವಿಬ್ಬರೂ ವಿಜಯನಗರದ ಒಂದು ರೂಮಿನಲ್ಲಿ ನಾಲ್ಕು ವರ್ಷ ಒಟ್ಟಿಗೆ ಇದ್ದವರು. ಅವನ ಊರು ತಿಪಟೂರು ಹತ್ತಿರ. ತೆಂಗಿನ ತೋಟ, ಅಪ್ಪಾಜಿ, ಅಮ್ಮ, ಒಬ್ಬಳು ತಂಗಿ. 2023ರ ಮಾರ್ಚ್‌ನಲ್ಲಿ ಊರಿಗೆ ಹೋಗುವಾಗ ಬೈಕ್ ಅಪಘಾತದಲ್ಲಿ ಹೋಗ್ಬಿಟ್ಟ. ಇಪ್ಪತ್ತೊಂಬತ್ತು ವರ್ಷ. ಮದುವೆ ಆಗಿರಲಿಲ್ಲ.

ತಿಥಿ ಎಲ್ಲ ಮುಗಿದ ಮೇಲೆ ಅವನ ಫೋನು ನನ್ನ ಕೈಗೆ ಬಂತು. ಗಾಜು ಸ್ವಲ್ಪ ಒಡೆದಿತ್ತು ಅಷ್ಟೇ, ಆನ್ ಆಗ್ತಿತ್ತು. ಪಿನ್ ಯಾರಿಗೂ ಗೊತ್ತಿಲ್ಲ. "ಇದನ್ನ ಸರಿ ಮಾಡಿಸಿಕೊಡಪ್ಪ, ತಂಗಿ ಕಾಲೇಜಿಗೆ ಇಟ್ಕೊಳ್ಳಲಿ" ಅಂದ್ರು ಅಪ್ಪಾಜಿ. ನಾನು ಎಸ್.ಪಿ. ರೋಡಿಗೆ ತಗೊಂಡು ಹೋದೆ. ಅಂಗಡಿ ಹುಡುಗ ಕೇಳಿದ: "ರೀಸೆಟ್ ಮಾಡಿದ್ರೆ ಒಳಗಿರೋದೆಲ್ಲ ಹೋಗುತ್ತೆ, ಪರವಾಗಿಲ್ವಾ?" ಫೋಟೊಗಳೆಲ್ಲ ಗೂಗಲ್‌ನಲ್ಲಿ ಇದಾವೆ, ಅವನ ಲ್ಯಾಪ್‌ಟಾಪ್‌ನಲ್ಲಿ ಜಿಮೇಲ್ ಓಪನ್ ಇದೆ, ಇನ್ನೇನು ಹೋಗೋದು ಅಂದ್ಕೊಂಡೆ. "ಮಾಡಿ" ಅಂದೆ. ಹತ್ತು ನಿಮಿಷದ ಕೆಲಸ.

ಜುಲೈನಲ್ಲಿ ಅವನ ಇನ್‌ಕಮ್ ಟ್ಯಾಕ್ಸ್ ರಿಟರ್ನ್ ಹಾಕೋದಿತ್ತು. ತೀರಿಹೋದವರದ್ದೂ ರಿಟರ್ನ್ ಹಾಕಬೇಕು, ವಾರಸುದಾರರು ಪೋರ್ಟಲ್‌ನಲ್ಲಿ ನೋಂದಾಯಿಸಿಕೊಂಡು ಹಾಕ್ತಾರೆ. ತಿಪಟೂರಿನ ಆಡಿಟರ್ ಅವನ 26ಎಎಸ್ ತೆಗೆದು ನೋಡಿ, "ಇಲ್ಲೇನೋ 194ಎಸ್ ಅಂತ ಟಿಡಿಎಸ್ ಕಟ್ ಆಗಿದೆಯಲ್ಲ, ಹುಡುಗ ಕ್ರಿಪ್ಟೊ ಮಾಡ್ತಿದ್ನಾ?" ಅಂದ್ರು. 2022ರ ಜುಲೈ 1ರಿಂದ ಕ್ರಿಪ್ಟೊ ಮಾರಿದರೆ ಶೇ 1 ಟಿಡಿಎಸ್ ಇದೆ. ಎಲ್ಲರೂ ಬೈಯೋ ಆ ತೆರಿಗೆಯಿಂದಲೇ ಮನೆಯವರಿಗೆ ವಿಷಯ ಗೊತ್ತಾಗಿದ್ದು. ಅಪ್ಪಾಜಿಗೂ ಗೊತ್ತಿರಲಿಲ್ಲ, ಅಮ್ಮನಿಗೂ ಗೊತ್ತಿರಲಿಲ್ಲ. ನಾಲ್ಕು ವರ್ಷ ಒಂದೇ ರೂಮಲ್ಲಿದ್ದ ನನಗೆ "ಏನೋ ಸ್ವಲ್ಪ ಹಾಕಿದ್ದಾನೆ" ಅನ್ನೋದಷ್ಟೇ ಗೊತ್ತಿತ್ತು. ಅವನು ಮನೆಯಲ್ಲಿ ಯಾಕೆ ಹೇಳಿರಲಿಲ್ಲ ಅಂತ ನನ್ನನ್ನ ಕೇಳ್ಬೇಡಿ. ನೀವು ಹೇಳಿದ್ದೀರಾ?

ಜಿಮೇಲ್ ಹುಡುಕಿದಾಗ ಒಂದು ಎಕ್ಸ್‌ಚೇಂಜ್‌ನಲ್ಲಿ ಖಾತೆ ಸಿಕ್ಕಿತು. ಅವರಿಗೆ ಬರೆದೆವು. ಮರಣ ಪ್ರಮಾಣಪತ್ರ ಕೇಳಿದರು, ಕೊಟ್ಟೆವು. ನಾಡಕಚೇರಿಯಿಂದ ಜೀವಂತ ಸದಸ್ಯರ ದೃಢೀಕರಣ ಪತ್ರ, ಅದೂ ಆಯ್ತು. ಆಮೇಲೆ ಕೋರ್ಟ್‌ನಿಂದ ಸಕ್ಸೆಷನ್ ಸರ್ಟಿಫಿಕೇಟ್ ತನ್ನಿ ಅಂದರು. ಅಲ್ಲೊಂದು ವಿಷಯ ತಿಳೀತು, ನಿಮ್ಮಲ್ಲಿ ಹೆಚ್ಚಿನವರಿಗೆ ಗೊತ್ತಿರಲಿಕ್ಕಿಲ್ಲ. ಹಿಂದೂ ಉತ್ತರಾಧಿಕಾರ ಕಾಯ್ದೆ, 1956ರ ಪ್ರಕಾರ ಮದುವೆಯಾಗದ ಮಗ ವಿಲ್ ಬರೆಯದೆ ತೀರಿಕೊಂಡರೆ ಆಸ್ತಿ ಹೋಗೋದು ತಾಯಿಗೆ. ತಂದೆ ಎರಡನೇ ವರ್ಗದ ವಾರಸುದಾರ, ತಾಯಿ ಇರೋವರೆಗೆ ಅವರಿಗೆ ಪಾಲಿಲ್ಲ. ಮದುವೆಯಾಗಿದ್ದರೆ ಹೆಂಡತಿ, ಮಕ್ಕಳು, ತಾಯಿ ಹಂಚಿಕೊಳ್ಳಬೇಕು. ಅಂದ್ರೆ ಅಪ್ಪಾಜಿ ತಿಂಗಳುಗಟ್ಟಲೆ ಬಸ್ ಹತ್ತಿ ಇಳಿದದ್ದು ಅಮ್ಮನ ಹೆಸರಿನ ಅರ್ಜಿಗೆ. ಬೇರೆ ಧರ್ಮದವರಿಗೆ ಕಾನೂನೂ ಬೇರೆ, ಅದನ್ನ ನಿಮ್ಮ ವಕೀಲರ ಹತ್ರ ಕೇಳಿಕೊಳ್ಳಿ.

ಹನ್ನೊಂದು ತಿಂಗಳು ಹಿಡೀತು. ಎಕ್ಸ್‌ಚೇಂಜ್‌ನಲ್ಲಿದ್ದ ಒಂದು ಲಕ್ಷ ಎಂಬತ್ತು ಸಾವಿರದಷ್ಟು ಅಮ್ಮನ ಖಾತೆಗೆ ಬಂತು. ನಿಧಾನ ಆದ್ರೂ ಬಂತು.

ಆದರೆ ಆ ಖಾತೆಯ ಸ್ಟೇಟ್‌ಮೆಂಟ್‌ನಲ್ಲಿ ಇನ್ನೊಂದು ಸಾಲಿತ್ತು. ಅವನು 0.11 ಬಿಟ್‌ಕಾಯಿನ್ ಹೊರಗೆ ತೆಗೆದು ಬೇರೊಂದು ವಿಳಾಸಕ್ಕೆ ಕಳಿಸಿದ್ದ. ಅದು ಅವನದೇ ವಾಲೆಟ್. ಹಾಗಂತ ಜಿಮೇಲ್‌ನಲ್ಲಿ ಅವನೇ ತನಗೆ ಬರ್ಕೊಂಡಿದ್ದ ಒಂದು ಟಿಪ್ಪಣಿ ಇತ್ತು. ಆ ವಾಲೆಟ್ ಆ್ಯಪ್ ಇದ್ದದ್ದು ಅವನ ಫೋನಿನಲ್ಲಿ. ನಾನು ರೀಸೆಟ್ ಮಾಡಿಸಿದ ಫೋನಿನಲ್ಲಿ.

ಇಲ್ಲಿ ಸ್ವಲ್ಪ ನಿಂತು ಹೇಳ್ತೀನಿ. ಬಿಟ್‌ಕಾಯಿನ್ ಫೋನಿನ ಒಳಗೆ ಇರೋದಿಲ್ಲ. ಅದು ಎಲ್ಲರೂ ನೋಡಬಹುದಾದ ಒಂದು ಲೆಕ್ಕದ ಪುಸ್ತಕದಲ್ಲಿರುತ್ತೆ, ಅದೇ ಬ್ಲಾಕ್‌ಚೇನ್. ಫೋನಿನಲ್ಲಿರೋದು ಅದನ್ನ ಖರ್ಚು ಮಾಡೋ ಕೀಲಿ. ಆ ಕೀಲಿಯನ್ನ ಮತ್ತೆ ಹುಟ್ಟಿಸೋಕೆ 12 ಅಥವಾ 24 ಇಂಗ್ಲಿಷ್ ಪದಗಳ ಸಾಲೊಂದನ್ನ ವಾಲೆಟ್ ಮೊದಲ ದಿನವೇ ತೋರಿಸುತ್ತೆ, ಬರೆದಿಟ್ಕೊಳ್ಳಿ ಅನ್ನುತ್ತೆ. ಅದೇ ಸೀಡ್ ಫ್ರೇಸ್. ಫೋನ್ ಹೋದರೂ ಆ ಪದಗಳಿದ್ದರೆ ಇನ್ನೊಂದು ಫೋನಿನಲ್ಲಿ ಎಲ್ಲ ವಾಪಸ್ ಬರುತ್ತೆ. ನಾವು ಅವನ ಪುಸ್ತಕ, ಡೈರಿ, ಪರ್ಸು, ಸೂಟ್‌ಕೇಸ್, ರೂಮಿನ ಹಾಸಿಗೆ ಅಡಿ ಎಲ್ಲ ನೋಡಿದೆವು. ಸಿಗಲಿಲ್ಲ.

ಬ್ಯಾಂಕ್ ಲಾಕರ್‌ನ ಕೀಲಿ ಕಳೆದರೆ ಲಾಕರ್ ಒಡೆಸಬಹುದು, ಯಾಕಂದ್ರೆ ಅಲ್ಲೊಬ್ಬ ಮ್ಯಾನೇಜರ್ ಇದ್ದಾನೆ. ಇಲ್ಲಿ ಮ್ಯಾನೇಜರೇ ಇಲ್ಲ. ಕ್ರಿಪ್ಟೊ ಕೂಡ ಆಸ್ತಿಯೇ ಅಂತ 2025ರಲ್ಲಿ ಮದ್ರಾಸ್ ಹೈಕೋರ್ಟ್ ಹೇಳಿದೆ. ಒಳ್ಳೆಯದೇ. ಅಮ್ಮ ಆ 0.11ಕ್ಕೆ ಮಾಲೀಕಳು ಅಂತ ಯಾವ ಕೋರ್ಟ್ ಬೇಕಾದ್ರೂ ಬರೆದುಕೊಡಬಹುದು. ಆದರೆ ಆ ಕಾಗದ ತೋರಿಸಿದರೆ ಬ್ಲಾಕ್‌ಚೇನ್ ಬಾಗಿಲು ತೆಗೆಯೋದಿಲ್ಲ. ಹಕ್ಕು ಕಾನೂನು ಕೊಡುತ್ತೆ, ಕಾಸು ಕೊಡೋದು ಆ ಹನ್ನೆರಡು ಪದ.

ಸಹಾಯ ಮಾಡಿ ಅಂತ ನಾನು ಆನ್‌ಲೈನ್‌ನಲ್ಲಿ ಒಂದು ಪೋಸ್ಟ್ ಹಾಕಿದ್ದೆ. ಅದು ಎರಡನೇ ತಪ್ಪು. ಒಂದೇ ದಿನದಲ್ಲಿ ಆರು ಜನ ಮೆಸೇಜ್ ಮಾಡಿದರು, "ನಾವು ರಿಕವರ್ ಮಾಡಿಕೊಡ್ತೀವಿ, ಮೊದಲು ಹದಿನೈದು ಸಾವಿರ ಹಾಕಿ". ಕೀಲಿ ಪೂರ್ತಿ ಅಳಿಸಿಹೋಗಿದ್ದರೆ ಅದನ್ನ ಊಹಿಸಿ ತೆಗೆಯೋರು ಭೂಮಿ ಮೇಲೆ ಯಾರೂ ಇಲ್ಲ. ಮುಂಗಡ ಕೇಳಿದ ಅಂದ್ರೆ ಕಳ್ಳ ಅಂತಲೇ ಅರ್ಥ.

ಈ ವಿಷಯ ಬಂದಾಗೆಲ್ಲ ಜನ ಒಂದು ಕಥೆ ಹೇಳ್ತಾರೆ. ಕ್ವಾಡ್ರಿಗಾಸಿಎಕ್ಸ್ ಅನ್ನೋ ಕೆನಡಾದ ಎಕ್ಸ್‌ಚೇಂಜ್‌ನ ಮಾಲೀಕ ಜೆರಾಲ್ಡ್ ಕಾಟನ್ 2018ರ ಡಿಸೆಂಬರ್‌ನಲ್ಲಿ ನಮ್ಮ ಜೈಪುರದಲ್ಲೇ ತೀರಿಕೊಂಡ, ಪಾಸ್‌ವರ್ಡ್ ಅವನ ಜೊತೆಗೇ ಹೋಯ್ತು, 76 ಸಾವಿರಕ್ಕೂ ಹೆಚ್ಚು ಗ್ರಾಹಕರು ಮುಳುಗಿದರು ಅಂತ. ಅರ್ಧ ಮಾತ್ರ ನಿಜ. ಆಮೇಲೆ ವಾಲೆಟ್‌ಗಳನ್ನ ಪರಿಶೀಲಿಸಿದಾಗ ಅವು ಖಾಲಿ ಇದ್ದವು. ಗ್ರಾಹಕರ ಹಣವನ್ನ ಅವನು ಬದುಕಿದ್ದಾಗಲೇ ಕರಗಿಸಿದ್ದ, ಅದು ವಂಚನೆ ಅಂತ ಒಂಟಾರಿಯೊ ಸೆಕ್ಯುರಿಟೀಸ್ ಕಮಿಷನ್ 2020ರಲ್ಲಿ ವರದಿ ಕೊಟ್ಟಿತು. ಹಾಗಾಗಿ ಕೀಲಿ ಕಳೆದ ಕಥೆಗೆ ಅದನ್ನ ಉದಾಹರಣೆ ಕೊಡ್ಬೇಡಿ. ನನ್ನ ಸ್ನೇಹಿತನಂಥವರದ್ದು ಪೇಪರಿನಲ್ಲಿ ಬರೋದಿಲ್ಲ ಅಷ್ಟೇ.

ಇದಾದ ಮೇಲೆ ನಾನು ನನ್ನ ಮನೆಯಲ್ಲಿ ಏನು ಮಾಡಿದೆ ಅಂತ ಹೇಳ್ತೀನಿ.

ಮೊದಲು ಹೇಳಿದೆ. ಅದೇ ಎಲ್ಲಕ್ಕಿಂತ ಕಷ್ಟದ ಕೆಲಸ. ಭಾನುವಾರ ಊಟ ಆದ ಮೇಲೆ, "ಅಮ್ಮಾ, ನನ್ನ ಹತ್ರ ಸ್ವಲ್ಪ ಬಿಟ್‌ಕಾಯಿನ್ ಇದೆ" ಅಂದೆ. "ಏನದು, ಲಾಟರಿನಾ?" ಅಂದ್ರು. ಅಲ್ಲಮ್ಮ ಅಂತ ಅರ್ಧ ಗಂಟೆ ವಿವರಿಸಿದೆ. ಕೊನೆಗೆ ಕೇಳಿದ್ದು ಒಂದೇ ಪ್ರಶ್ನೆ: "ಸಾಲ ಮಾಡಿ ಹಾಕಿಲ್ಲ ತಾನೇ?" ಇಲ್ಲ ಅಂದೆ. "ಹಾಗಾದ್ರೆ ಎಲ್ಲಿಟ್ಟಿದ್ದೀಯ ಹೇಳು" ಅಂದ್ರು. ನಾನು ಎರಡು ವರ್ಷದಿಂದ ಹೆದರಿಕೊಂಡಿದ್ದು ಈ ಮಾತುಕತೆಗೆ.

ಆಮೇಲೆ ಒಂದು ಪತ್ರ ಬರೆದೆ, ಕನ್ನಡದಲ್ಲಿ, ಎರಡು ಪುಟ. ಯಾವ ಎಕ್ಸ್‌ಚೇಂಜ್, ಯಾವ ಇಮೇಲ್, ಯಾವ ಮೊಬೈಲ್ ನಂಬರ್, ಯಾವ ವಾಲೆಟ್, ಅಕ್ಕ ಬಿಟ್ಟರೆ ಯಾರನ್ನ ಕೇಳಬೇಕು, ಯಾರನ್ನ ಕೇಳಬಾರದು. "ನನ್ನ ಫೋನ್ ರೀಸೆಟ್ ಮಾಡಿಸಬೇಡಿ, ಸಿಮ್ ರೀಚಾರ್ಜ್ ನಿಲ್ಲಿಸಬೇಡಿ" ಅನ್ನೋದನ್ನ ಮೊದಲ ಸಾಲಿನಲ್ಲೇ ದಪ್ಪಗೆ ಬರೆದಿದ್ದೀನಿ. ಸಿಮ್ ಸತ್ತರೆ ನಂಬರು ಕೆಲವು ತಿಂಗಳಲ್ಲಿ ಇನ್ಯಾರಿಗೋ ಹೋಗಬಹುದು, ಒಟಿಪಿ ಅವರಿಗೆ ಬರುತ್ತೆ. ಈ ಪತ್ರ ಮನೆಯ ಬೀರುವಿನಲ್ಲಿ, ಎಲ್‌ಐಸಿ ಬಾಂಡಿನ ಜೊತೆ ಇದೆ. ಇದರಲ್ಲಿ ಹನ್ನೆರಡು ಪದಗಳಿಲ್ಲ. ಇದು ದಾರಿ ತೋರಿಸೋ ಪತ್ರ ಮಾತ್ರ.

ಪದಗಳು ಬೇರೆ ಕಡೆ. ಇದರ ಬಗ್ಗೆ ಬಹಳ ತಲೆ ಕೆಡಿಸಿಕೊಂಡೆ. ಯಾಕಂದ್ರೆ ಆ ಪದ ಯಾರ ಕೈಲಿದೆಯೋ ಹಣ ಅವರದ್ದು, ನೀವು ಬದುಕಿದ್ದಾಗಲೂ. ನಂಬಿಕೆ ಅನ್ನೋದು ಇಲ್ಲಿ ಬರೀ ಮಾತಲ್ಲ. ಒಂದು ಪ್ರತಿ ಅಮ್ಮನ ಹತ್ರ ಸೀಲ್ ಮಾಡಿದ ಕವರಿನಲ್ಲಿ, ಇನ್ನೊಂದು ಅಕ್ಕನ ಮನೆಯಲ್ಲಿ. ಕವರ್ ಒಡೆದರೆ ನನಗೆ ಗೊತ್ತಾಗುತ್ತೆ. ಮೊತ್ತ ದೊಡ್ಡದಿದ್ದರೆ ಮಲ್ಟಿಸಿಗ್ ಅಂತ ಇದೆ, ಮೂರು ಕೀಲಿ, ಯಾವುದಾದ್ರೂ ಎರಡು ಸೇರಿದರೆ ಮಾತ್ರ ತೆರೆಯುತ್ತೆ. ನನ್ನಷ್ಟಿರೋರಿಗೆ ಅದು ರಗಳೆ. ಕೆಲವರು ಹನ್ನೆರಡನ್ನ ಆರು ಆರು ಮಾಡಿ ಇಬ್ಬರಿಗೆ ಕೊಡ್ತಾರೆ. ಒಬ್ಬರದ್ದು ಕಳೆದರೆ ಎರಡೂ ವ್ಯರ್ಥ, ಹಾಗೆ ಮಾಡ್ಬೇಡಿ. ಸ್ಕ್ರೀನ್‌ಶಾಟ್ ತೆಗೆದು ಗ್ಯಾಲರಿಯಲ್ಲಿ ಇಟ್ಟಿರೋರು, ವಾಟ್ಸ್‌ಆ್ಯಪ್‌ನಲ್ಲಿ ತಮಗೇ ಕಳಿಸಿಕೊಂಡಿರೋರು, ಇದನ್ನ ಕೇಳಿ ಮುಗಿಸಿದ ಮೇಲೆ ಮೊದಲು ಅದನ್ನ ಅಳಿಸಿ. ಅಳಿಸೋಕೆ ಮುಂಚೆ ಪೇಪರಿಗೆ ಬರ್ಕೊಳ್ಳಿ, ದಯವಿಟ್ಟು!

ಆ ಪದಗಳು 2048 ಪದಗಳ ಒಂದು ಪಟ್ಟಿಯಿಂದ ಬರ್ತವೆ. ಜಪಾನಿ, ಕೊರಿಯನ್, ಸ್ಪ್ಯಾನಿಷ್‌ನಲ್ಲೂ ಪಟ್ಟಿ ಇದೆ, ಕನ್ನಡದಲ್ಲಿಲ್ಲ. ನನ್ನಮ್ಮನಿಗೆ ಇಂಗ್ಲಿಷ್ ಓದೋದು ನಿಧಾನ. ಅದಕ್ಕೆ ದೊಡ್ಡಕ್ಷರದಲ್ಲಿ, ಒಂದೊಂದಕ್ಕೂ ನಂಬರ್ ಹಾಕಿ ಬರೆದೆ. ಇಂಗ್ಲಿಷ್ ಪಟ್ಟಿಯಲ್ಲಿ ಮೊದಲ ನಾಲ್ಕು ಅಕ್ಷರ ನೋಡಿದರೆ ಸಾಕು, ಯಾವ ಪದ ಅಂತ ತಿಳಿಯುತ್ತೆ, ಹಾಗೆ ಆರಿಸಿದ್ದಾರೆ. ಆಮೇಲೆ ಅಕ್ಕನ ಹಳೇ ಫೋನಿನಲ್ಲಿ ಐನೂರು ರೂಪಾಯಿಯ ಒಂದು ಬೇರೆ ವಾಲೆಟ್ ಮಾಡಿ, ಅಳಿಸಿ, "ಈಗ ಪೇಪರ್ ನೋಡ್ಕೊಂಡು ನೀನೇ ವಾಪಸ್ ತಾ" ಅಂದೆ. ಮೊದಲ ಸಲ ಆಗಲಿಲ್ಲ, ನನ್ನ ಕೈಬರಹದ ತಪ್ಪು. ಎರಡನೇ ಸಲ ಆಯ್ತು. ನಾನು ಇರುವಾಗಲೇ ತಪ್ಪಿದ್ದು ಒಳ್ಳೇದಾಯ್ತು.

ವಿಲ್ ಕೂಡ ಬರೆದೆ. ಮೂವತ್ತು ದಾಟಿಲ್ಲ, ವಿಲ್ ಯಾಕೆ ಅಂತ ನಗಬೇಡಿ. ಬಿಳಿ ಹಾಳೆ ಸಾಕು, ಸ್ಟಾಂಪ್ ಪೇಪರ್ ಬೇಡ, ಇಬ್ಬರು ಸಾಕ್ಷಿಗಳು ನಿಮ್ಮೆದುರು ಸಹಿ ಹಾಕಬೇಕು. ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಕಡ್ಡಾಯ ಅಲ್ಲ. ಅದರಲ್ಲಿ "ನನ್ನ ಕ್ರಿಪ್ಟೊ ಆಸ್ತಿಯೆಲ್ಲ ಅಪ್ಪ ಅಮ್ಮನಿಗೆ ಸಮವಾಗಿ" ಅಂತ ಬರೆದಿದ್ದೀನಿ. ಅಪ್ಪನ ಹೆಸರು ಸೇರಿದ್ದು ತಿಪಟೂರಿನ ಅಪ್ಪಾಜಿಯನ್ನ ನೋಡಿದ ಮೇಲೆ. ಸೀಡ್ ಪದಗಳನ್ನ ಮಾತ್ರ ವಿಲ್‌ನಲ್ಲಿ ಬರೀಬೇಡಿ, ಅದು ಹತ್ತು ಕೈ ಓಡಾಡೋ ಕಾಗದ. ಎಕ್ಸ್‌ಚೇಂಜ್‌ನಲ್ಲಿ ನಾಮಿನಿ ಹಾಕೋ ಅವಕಾಶ ಇದ್ದರೆ ಹಾಕಿ, ಆದರೆ ನಾಮಿನಿ ಅಂದ್ರೆ ಮಾಲೀಕ ಅಂತಲ್ಲ. ಷೇರುಗಳ ವಿಷಯದಲ್ಲಿ ಸುಪ್ರೀಂ ಕೋರ್ಟ್ 2023ರ ಡಿಸೆಂಬರ್‌ನಲ್ಲಿ ಇದನ್ನೇ ಹೇಳಿದೆ.

ತೆರಿಗೆ ಬಗ್ಗೆ ಒಂದೇ ಮಾತು. ವಾರಸಾಗಿ ಅಥವಾ ವಿಲ್ ಮೂಲಕ ಬಂದಾಗ ಪಡೆದವರಿಗೆ ತೆರಿಗೆ ಇಲ್ಲ. ಅವರು ಅದನ್ನ ಮಾರಿದಾಗ ಲಾಭದ ಮೇಲೆ ಶೇ 30, ಜೊತೆಗೆ ಸೆಸ್.

ಗೂಗಲ್‌ನಲ್ಲಿ ಇನ್‌ಆ್ಯಕ್ಟಿವ್ ಅಕೌಂಟ್ ಮ್ಯಾನೇಜರ್ ಅಂತ ಒಂದು ಸೆಟ್ಟಿಂಗ್ ಇದೆ. ಇಷ್ಟು ತಿಂಗಳು ನಾನು ಖಾತೆ ಮುಟ್ಟದಿದ್ದರೆ ಇಂಥವರಿಗೆ ತಿಳಿಸು ಅಂತ ಹೇಳಿಡಬಹುದು, ಕನಿಷ್ಠ ಮೂರು ತಿಂಗಳು. ನಾನು ಅಕ್ಕನ ಹೆಸರು ಹಾಕಿದ್ದೀನಿ. ಐದು ನಿಮಿಷದ ಕೆಲಸ, ಇವತ್ತೇ ಮಾಡಬಹುದು.

2024ರ ಡಿಸೆಂಬರ್‌ನಲ್ಲಿ ಬಿಟ್‌ಕಾಯಿನ್ ಮೊದಲ ಸಲ ಒಂದು ಲಕ್ಷ ಡಾಲರ್ ದಾಟಿತು, ನೆನಪಿರಬಹುದು. ಆ ವಾರ ನಾನು ತಿಪಟೂರಿಗೆ ಹೋಗಿದ್ದೆ. ಆ 0.11ರ ಬೆಲೆ ಒಂಬತ್ತು ಲಕ್ಷ ದಾಟಿತ್ತು. ತಂಗಿಯ ಎರಡು ವರ್ಷದ ಎಂಬಿಎ ಫೀಸು, ಹಾಸ್ಟೆಲು, ಎಲ್ಲ ಸೇರಿದರೂ ಅಷ್ಟಾಗೋದಿಲ್ಲ. ಅವಳು ಆ ಫೋನನ್ನೇ ಇನ್ನೂ ಬಳಸ್ತಿದ್ದಾಳೆ. ನಾನು ರೀಸೆಟ್ ಮಾಡಿಸಿದ್ದರಿಂದ ಹೀಗಾಯ್ತು ಅಂತ ಅವರೆದುರು ಬಾಯಿಬಿಟ್ಟು ಹೇಳಿದ್ದು ಆ ದಿನವೇ. ಅಪ್ಪಾಜಿ ಏನೂ ಅನ್ನಲಿಲ್ಲ. ಅಮ್ಮ ಒಳಗೆ ಹೋಗಿ ಎಳನೀರು ತಂದುಕೊಟ್ಟರು.

ಹೊರಡುವಾಗ ಅಪ್ಪಾಜಿ ಯಾವಾಗಲೂ ಒಂದು ಮಾತು ಕೇಳ್ತಾರೆ. ಅವತ್ತೂ ಕೇಳಿದರು. "ಅದು ಇನ್ನೂ ಅಲ್ಲೇ ಇದೆಯೇನಪ್ಪ?" ನಾನು ಫೋನ್ ತೆಗೆದು ಆ ವಿಳಾಸ ಹಾಕಿ ತೋರಿಸಿದೆ. ಕನ್ನಡಕ ಹಾಕ್ಕೊಂಡು ಒಂದೊಂದೇ ಅಂಕಿ ಓದಿದರು. ಸೊನ್ನೆ, ಚುಕ್ಕೆ, ಒಂದು, ಒಂದು.

"ಇದೆ ಅಪ್ಪಾಜಿ" ಅಂದೆ.