ಇಸ್ಮಾಈಲ್: ಹೆಸರಿನೊಳಗಿನ ಮೊರೆ



ಮಗುವಿಗೆ ಹೊಸ ಹೆಸರು ಹುಡುಕುತ್ತಿರುವ ತಂದೆತಾಯಂದಿರು ನಿಮ್ಮಲ್ಲಿ ಅನೇಕರಿರಬಹುದು. 'ಇಸ್ಮಾಈಲ್ ಅಜ್ಜಂದಿರ ಕಾಲದ ಹೆಸರಾಯಿತು' ಎಂದು ಬದಿಗಿಡುವ ಮುನ್ನ ಅದರ ಅರ್ಥವನ್ನೊಮ್ಮೆ ಕೇಳಿ.

ಇದರ ಮೂಲ ಹೀಬ್ರೂ. ಅಲ್ಲಿ ಇದು 'ಯಿಶ್ಮಾಏಲ್'. 'ಏಲ್' ಎಂದರೆ ದೇವರು. ಇಡೀ ಹೆಸರಿನ ಅರ್ಥ, 'ದೇವರು ಆಲಿಸುತ್ತಾನೆ'. ಹೀಬ್ರೂ ಮತ್ತು ಅರಬಿ ಒಂದೇ ಕುಟುಂಬದ ಭಾಷೆಗಳು. ಕೇಳು ಎಂಬರ್ಥದ ಹೀಬ್ರೂವಿನ 'ಶಮಾ' ಅರಬಿಯಲ್ಲಿ 'ಸಮಿಅ' ಆಗಿದೆ. ನಮಾಝಿನಲ್ಲಿ ರುಕೂವಿನಿಂದ ಏಳುವಾಗ 'ಸಮಿಅಲ್ಲಾಹು' ಎನ್ನುತ್ತೇವಲ್ಲ, ಅದೇ ಧಾತು. ದಿನಕ್ಕೆ ಎಷ್ಟೋ ಬಾರಿ ಈ ಹೆಸರಿನ ಅರ್ಥವನ್ನು ನಾವೇ ಉಚ್ಚರಿಸುತ್ತಿದ್ದೇವೆ!

ಬೈಬಲಿನ ಆದಿಕಾಂಡದ 16ನೇ ಅಧ್ಯಾಯದ ಪ್ರಕಾರ, ಮನೆಬಿಟ್ಟು ಮರುಭೂಮಿಗೆ ಬಂದಿದ್ದ ಗರ್ಭಿಣಿ ಹಾಜರಾ ಅವರಿಗೆ ದೇವದೂತನೇ ಈ ಹೆಸರನ್ನು ತಿಳಿಸಿದನು. ಅವರ ಸಂಕಟವನ್ನು ದೇವರು ಆಲಿಸಿದನೆಂಬುದೇ ಅದಕ್ಕೆ ಕಾರಣ. ದಿಕ್ಕುಗಾಣದ ಒಬ್ಬ ತಾಯಿಯ ಅಳಲು ಮಗನ ಹೆಸರಾಯಿತು. ಪವಿತ್ರ ಕುರ್‌ಆನಿನ ಇಬ್ರಾಹೀಮ್ ಅಧ್ಯಾಯದ 39ನೇ ಸೂಕ್ತದಲ್ಲಿ ಪ್ರವಾದಿ ಇಬ್ರಾಹೀಮ್(ಅ) ಇಳಿವಯಸ್ಸಿನಲ್ಲಿ ತಮಗೆ ಇಸ್ಮಾಈಲ್, ಇಸ್‌ಹಾಕರನ್ನು ಕೊಟ್ಟ ಪ್ರಭುವನ್ನು ಸ್ತುತಿಸುತ್ತಾ, ಅವನು ಪ್ರಾರ್ಥನೆಯನ್ನು ಆಲಿಸುವವನು ಎನ್ನುತ್ತಾರೆ. ಅಲ್ಲಿಯೂ ಅದೇ ಧಾತುವಿನ 'ಸಮೀಅ್' ಇದೆ.

ಹೆಸರು ನಮ್ಮದು ಮಾತ್ರವೆಂದು ಭಾವಿಸಬೇಡಿ. ಕ್ರಿ.ಶ. 2ನೇ ಶತಮಾನದ ಪ್ರಸಿದ್ಧ ಯಹೂದಿ ವಿದ್ವಾಂಸರೊಬ್ಬರು ರಬ್ಬಿ ಯಿಶ್ಮಾಏಲ್. ನಮ್ಮ ನಾಡಿನಲ್ಲಿ ಈ ಹೆಸರೆಂದರೆ, 1926ರಿಂದ 1941ರವರೆಗೆ ಮೈಸೂರಿನ ದಿವಾನರಾಗಿದ್ದ ಸರ್ ಮಿರ್ಜಾ ಇಸ್ಮಾಯಿಲ್ ನೆನಪಾಗುತ್ತಾರೆ.

ಶಿಕ್ಷಕರಿಗೂ ಒಂದು ಮಾತು. ಮುದ್ದಿಗೆಂದು 'ಇಸ್ಮು' ಎಂದು ಕರೆದರೆ ಉದುರಿಹೋಗುವುದು ದೇವರನ್ನು ಸೂಚಿಸುವ ಕೊನೆಯ ಭಾಗವೇ. ಜಿಬ್ರೀಲ್, ಮೀಕಾಈಲ್ ಎಂಬ ಮಲಕ್‌ಗಳ ಹೆಸರಿನ ಕೊನೆಯಲ್ಲಿರುವುದೂ ಅದೇ 'ಏಲ್'.