ಹತ್ತಿಯ ಧಾರಣೆಯೂ ರಾಜ್ಯಶಕ್ತಿಯೂ

(ಉಪಾಧ್ಯಾಯರ ಸಭೆಯಲ್ಲಿ ಮಾಡಿದ ಭಾಷಣ)



ಅರ್ಥಶಾಸ್ತ್ರವು ವ್ಯಾಪಾರಿಗಳ ವಿದ್ಯೆಯೆಂದೂ ರಾಜಕಾರಣವು ಮುಂದಾಳುಗಳ ಉದ್ಯೋಗವೆಂದೂ ಅನೇಕರು ಎಣಿಸುತ್ತಾರೆ. ಬೆಳೆ ಹೆಚ್ಚಿದರೆ ಧಾರಣೆ ಇಳಿಯುವದು, ಕಡಿಮೆಯಾದರೆ ಏರುವದು. ಇದರಲ್ಲಿ ರಾಜ್ಯಾಡಳಿತದ ಸಂಬಂಧವೇನೆಂದು ಕೇಳುತ್ತಾರೆ. ಈ ಪ್ರಶ್ನೆಗೆ ನಾವು ತತ್ತ್ವವಿಚಾರದಿಂದ ಉತ್ತರ ಕೊಡುವದಿಲ್ಲ. ಧಾರವಾಡ ಸೀಮೆಯ ಎರೆಭೂಮಿಯಲ್ಲಿ ಬೆಳೆದ ಹತ್ತಿಯ ಕಥೆಯಿಂದ ಕೊಡುವೆವು.

1860ರ ಸುಮಾರಿಗೆ ಇಂಗ್ಲಂಡದ ಲ್ಯಾಂಕಶೈರ್ ಪ್ರಾಂತದ ಗಿರಣಿಗಳು ತಮಗೆ ಬೇಕಾದ ಅರಳೆಯ ಸುಮಾರು ಮುಕ್ಕಾಲು ಪಾಲನ್ನು ಅಮೇರಿಕೆಯ ದಕ್ಷಿಣ ಸಂಸ್ಥಾನಗಳಿಂದ ತರಿಸುತ್ತಿದ್ದವು. ಆ ಹತ್ತಿಯನ್ನು ಬೆಳೆಯುತ್ತಿದ್ದವರು ಗುಲಾಮರು. 1861ರಲ್ಲಿ ಗುಲಾಮಗಿರಿಯ ಪ್ರಶ್ನೆಯಿಂದ ಅಲ್ಲಿ ಅಂತರ್ಯುದ್ಧ ಹೊತ್ತಿತು. ಅಧ್ಯಕ್ಷ ಲಿಂಕನ್ನರು ದಕ್ಷಿಣದ ಬಂದರುಗಳಿಗೆ ನೌಕಾಪಡೆಯ ಮುತ್ತಿಗೆ ಹಾಕಿಸಿದರು. ಲ್ಯಾಂಕಶೈರಿನಲ್ಲಿ ಗಿರಣಿಗಳು ನಿಂತು ಲಕ್ಷಾವಧಿ ಕೂಲಿಕಾರರು ಹಸಿದರು. ಮುಂಬಯಿಯಲ್ಲಿ ಹತ್ತಿಯ ಬೆಲೆ ಹಲವು ಪಟ್ಟು ಏರಿತು. ಹುಬ್ಬಳ್ಳಿ-ಗದಗುಗಳ ಒಕ್ಕಲಿಗನು ನ್ಯೂ ಆರ್ಲಿಯನ್ಸ್ ಎಂಬ ಊರನ್ನು ಕಂಡವನಲ್ಲ. ಆದರೂ ಅಲ್ಲಿಂದ ಬಂದ ಬೀಜವು 1840ರ ದಶಕದಿಂದ ‘ವಿಲಾಯತಿ ಹತ್ತಿ’ಯೆಂಬ ಹೆಸರಿನಿಂದ ಈ ಸೀಮೆಯ ಹೊಲಗಳಲ್ಲಿತ್ತು, ಈಗ ಅಲ್ಲಿಯ ಯುದ್ಧವೂ ಅವನ ಮನೆಯ ಲೆಕ್ಕದೊಳಗೆ ಬಂದು ಸೇರಿತು.

ಇನ್ನೊಂದು ಸಂಗತಿಯನ್ನು ಕನ್ನಡಿಗರು ಮರೆಯಲಾಗದು. ಧಾರವಾಡದ ಹತ್ತಿಯನ್ನು ಬೇಗನೆ ಹಡಗಿಗೇರಿಸಲು ಹತ್ತಿರದ ಬಂದರು ಬೇಕೆಂದು ಮ್ಯಾಂಚೆಸ್ಟರಿನ ವರ್ತಕರು ಸರಕಾರವನ್ನು ಒತ್ತಾಯಪಡಿಸುತ್ತಿದ್ದರು. ಅವರ ಕಣ್ಣು ಕಾರವಾರದ ಮೇಲಿತ್ತು. ಧಾರವಾಡವು ಮುಂಬಯಿ ಇಲಾಖೆಯಲ್ಲಿ, ಕಾರವಾರವು ಮದರಾಸು ಇಲಾಖೆಯಲ್ಲಿ ಇದ್ದುದು ಅಡ್ಡಿಯೆನಿಸಿತು. 1862ರಲ್ಲಿ ಉತ್ತರ ಕನ್ನಡ ಜಿಲ್ಲೆಯನ್ನು ಮದರಾಸಿನಿಂದ ತೆಗೆದು ಮುಂಬಯಿಗೆ ಸೇರಿಸಲಾಯಿತು. ದಕ್ಷಿಣ ಕನ್ನಡವು ಮದರಾಸಿನಲ್ಲಿಯೇ ಉಳಿಯಿತು. ಒಂದೇ ಕಡಲ ಕರೆಯ ಜನರು ಹೀಗೆ ಎರಡು ಆಡಳಿತಗಳ ಪಾಲಾಗಿ 1956ರ ನವೆಂಬರ 1ರ ವರೆಗೆ ಬೇರೆಯಾಗಿದ್ದರು. ಗೆರೆ ಎಳೆಯುವಾಗ ಪರಿಗಣನೆಗೆ ಬಂದದ್ದು ಅರಳೆಯ ದಾರಿ. ಅಲ್ಲಿಯ ಜನರ ನುಡಿಯಲ್ಲ. ಕೊನೆಗೆ ಆ ಬಂದರಾದರೂ ಬೆಳೆಯಿತೇ? 1880ರ ದಶಕದಲ್ಲಿ ಉಗಿಬಂಡಿಯ ಹಾದಿ ಗೋವೆಯ ಮಾರ್ಮಗೋವಾ ಬಂದರಿಗೆ ಹೋಯಿತು; ಕಾರವಾರವು ಹಿಂದೆ ಬಿತ್ತು.

1865ರಲ್ಲಿ ಅಮೇರಿಕೆಯ ಯುದ್ಧ ಮುಗಿಯಿತು, ಧಾರಣೆ ಕುಸಿಯಿತು. ಹತ್ತಿಯ ಹಣದಿಂದ ಮುಂಬಯಿಯಲ್ಲಿ ಎದ್ದ ಸಟ್ಟಾ ವ್ಯಾಪಾರ ಮುರಿದುಬಿತ್ತು. ಅಂದಿನ ಬ್ಯಾಂಕ್ ಆಫ್ ಬಾಂಬೆಯು 1868ರಲ್ಲಿ ಮುಚ್ಚಿಹೋಯಿತು. ಬೆಲೆ ಇಳಿದರೂ ಒಕ್ಕಲಿಗರ ಸಾಲ ಇಳಿಯಲಿಲ್ಲ, ಕಂದಾಯವೂ ಇಳಿಯಲಿಲ್ಲ. 1875ರಲ್ಲಿ ಪುಣೆ, ಅಹಮದನಗರ ಜಿಲ್ಲೆಗಳ ರೈತರು ಸಾವುಕಾರರ ಸಾಲಪತ್ರಗಳನ್ನು ಸುಟ್ಟುದು ಈ ಕಷ್ಟಪರಂಪರೆಯ ಒಂದು ಫಲ.

ಮುಂದೆ 1896ರಲ್ಲಿ ಸರಕಾರವು ವಿಲಾಯತಿ ಬಟ್ಟೆಯ ಮೇಲೆ ನೂರಕ್ಕೆ ಮೂರೂವರೆಯಂತೆ ಆಮದು ಸುಂಕ ಹಾಕಿ, ಅಷ್ಟೇ ಸುಂಕವನ್ನು ನಮ್ಮ ದೇಶದ ಗಿರಣಿಬಟ್ಟೆಯ ಮೇಲೂ ಹೇರಿತು. ಲ್ಯಾಂಕಶೈರಿಗೆ ಪಾರ್ಲಿಮೆಂಟಿನಲ್ಲಿ ದನಿಯಿತ್ತು, ಹಿಂದುಸ್ಥಾನಕ್ಕೆ ಇರಲಿಲ್ಲ. ಆ ಸುಂಕವು 1925ರ ಕೊನೆಯ ವರೆಗೆ ನಡೆಯಿತು.

ಇದು ಪರರಾಜ್ಯದ ಕಾಲದ ಮಾತು, ಈಗ ಮುಗಿಯಿತೆನ್ನುವಿರೋ? 2002ರಲ್ಲಿ ಬ್ರಾಝಿಲ್ ದೇಶವು ಅಮೇರಿಕೆಯು ತನ್ನ ಹತ್ತಿ ಬೆಳೆಗಾರರಿಗೆ ಕೊಡುವ ಸಹಾಯಧನದಿಂದ ಜಗತ್ತಿನ ಧಾರಣೆ ಕುಗ್ಗುತ್ತಿದೆಯೆಂದು ವಿಶ್ವ ವ್ಯಾಪಾರ ಸಂಸ್ಥೆಯ ಮುಂದೆ ದೂರಿತು. 2005ರಲ್ಲಿ ಮೇಲ್ಮನವಿಯಲ್ಲಿಯೂ ಗೆದ್ದಿತು. ಪ್ರತಿಸುಂಕ ಹಾಕುವ ಬಲ ಅದಕ್ಕಿತ್ತು. ಆದುದರಿಂದ 2014ರಲ್ಲಿ ಅಮೇರಿಕೆಯು 30 ಕೋಟಿ ಡಾಲರು ಕೊಟ್ಟು ರಾಜಿ ಮಾಡಿಕೊಂಡಿತು. ಅದೇ ನೋವನ್ನು ಆಫ್ರಿಕೆಯ ಬೆನಿನ್, ಬುರ್ಕಿನಾ ಫಾಸೊ, ಚಾಡ್, ಮಾಲಿ ದೇಶಗಳು 2003ರಲ್ಲಿಯೇ ಹೇಳಿಕೊಂಡಿದ್ದವು. ನ್ಯಾಯ ಅವುಗಳ ಕಡೆಗೂ ಇತ್ತು, ಬಲವಿರಲಿಲ್ಲ. ಅಂಥ ಪರಿಹಾರ ಅವಕ್ಕೆ ದೊರೆಯಲಿಲ್ಲ.

ಮಹನೀಯರೇ, ಪೇಟೆಯು ಸುಳ್ಳೆಂದು ನಾವು ಹೇಳುವದಿಲ್ಲ. ಆದರೆ ಪೇಟೆಗೆ ಹೋಗುವ ದಾರಿ, ಬಂದರು, ಸುಂಕ, ಎಲ್ಲೆಗೆರೆ ಇವೆಲ್ಲವೂ ರಾಜ್ಯಶಕ್ತಿಯ ಕೈಯವು. ಆ ಶಕ್ತಿಯಲ್ಲಿ ಪಾಲಿಲ್ಲದ ಜನಕ್ಕೆ ಲಾಭವು ಅತಿಥಿಯಂತೆ ಬರುವದು, ನಷ್ಟವು ಮನೆಮಾಡಿಕೊಂಡಿರುವದು. ಶಾಲೆಯಲ್ಲಿ ಭೂಪಟವನ್ನು ತೂಗಹಾಕಿ ಹತ್ತಿ ಬೆಳೆಯುವ ನಾಡುಗಳನ್ನು ತೋರಿಸುವಾಗ, ಅದರ ಬೆಲೆಯನ್ನು ಕಟ್ಟುವವರು ಯಾರು ಎಂಬ ಪ್ರಶ್ನೆಯನ್ನೂ ಮಕ್ಕಳಿಗೆ ಕೇಳಿರಿ. ಆ ಪ್ರಶ್ನೆಯನ್ನು ಕಲಿತ ಮಕ್ಕಳು ನಾಳೆ ತಮ್ಮ ನಾಡಿನ ದನಿಯಾಗುವರು.